ಹೇಳಾಕ ಬರೂದಿಲ್ರಿ

ವಿದ್ಯಾನಗರದ ಮೌಲ್ಯಮಾಪನ ಕೋಣೆ. ಮೇ ತಿಂಗಳ ಮೂರು ಗಂಟೆ.
ಫ್ಯಾನು ತಿರುಗಿದರೆ ಪತ್ರಿಕೆ ಹಾರುತ್ತವೆ,
ನಿಲ್ಲಿಸಿದರೆ ನಾವು ಬೇಯುತ್ತೇವೆ.
ನಲವತ್ತೊಂದನೆಯ ಪತ್ರಿಕೆ. ಹೆಸರಿಲ್ಲ, ಬರೀ ನಂಬರು.

ನಾಲ್ಕನೇ ಪ್ರಶ್ನೆ, ಆರು ಅಂಕ:
ಈ ವ್ಯಾಕರಣದ ಭಾಷೆ ರೆಗ್ಯುಲರ್ ಹೌದೋ ಅಲ್ಲವೋ,
ಕಾರಣ ಕೊಡಿ.
ವ್ಯಾಕರಣವೋ, ಒಂದೇ ಗೇಣಿನದು:
ಸ ಎಂದರೆ ಅ, ನಡುವೆ ಮತ್ತೆ ಸ, ಆಮೇಲೆ ಅ.
ಇಲ್ಲವೆ, ಏನೂ ಇಲ್ಲ.

ಮೂರು ಪುಟ ಸರಸರ ಹರಿದ ಇಂಗ್ಲಿಷು
ಇಲ್ಲಿಗೆ ಬಂದು ನಿಂತಿದೆ.
ಹೊಡೆದುಹಾಕಿದ ಎರಡು ಸಾಲು,
ಅದರ ಕೆಳಗೆ, ಪೆನ್ಸಿಲ್ಲಿನಲ್ಲಿ, ನಮ್ಮ ಅಕ್ಷರದಲ್ಲಿ:
"ಹೇಳಾಕ ಬರೂದಿಲ್ರಿ."

ಯಾರಿಗೆ?
ನಮ್ಮ ಮಾತಿಗೆ ಈ ಚಟ ಮೊದಲಿನಿಂದಲೂ ಇದೆ,
ಚತುರ್ಥಿಯನ್ನು ಮನೆಯಲ್ಲೇ ಬಿಟ್ಟು
ಒಬ್ಬಂಟಿ ಪೇಟೆಗೆ ಹೋಗಿಬಿಡುತ್ತದೆ.
'ನನಗೆ' ಎಂದು ಸೇರಿಸಿ ಓದಿದರೆ ಸೊನ್ನೆ.
'ಯಾರಿಗೂ' ಎಂದು ಓದಿದರೆ,
ಕೊನೆಯ ವಾರ ನಾವೆಲ್ಲ ಅವಸರದಲ್ಲಿ ಹೇಳಿ ಮುಗಿಸುವ ಮಾತು:
ಈ ಕುಲದ ಯಾವ ವ್ಯಾಕರಣವನ್ನೇ ತಂದಿಡಿ,
ರೆಗ್ಯುಲರೋ ಅಲ್ಲವೋ ಎಂದು ಒಮ್ಮೆಯೂ ತಪ್ಪದೆ ಹೇಳಬಲ್ಲ
ಒಂದೇ ಒಂದು ಉಪಾಯ ಇಲ್ಲ.
ನಾಳೆಯೂ ಇರುವುದಿಲ್ಲ. ಅದನ್ನೇ ಸಾಧಿಸಿ ಇಟ್ಟಿದ್ದಾರೆ.

ಪಕ್ಕದ ಬೆಂಚಿನಿಂದ ಕುಂದಗೋಳಮಠ ಸರ್ ಇಣುಕಿ,
"ಸೊನ್ನಿ ಹಾಕ್ರಿ ಮೇಡಂ, ಚಾ ಬಂತು."

ಅಪ್ಪ, ಹುಚ್ಚೀರಪ್ಪ, ಹುಬ್ಬಳ್ಳಿ ಯಾರ್ಡಿನ ಕ್ಯಾಬಿನ್‌ಮನ್.
ರೊಟ್ಟಿ ಗಂಟು ಒಯ್ದ ದಿನ ಮೆಟ್ಟಿಲ ಮೇಲೆ ಕೂರಿಸಿ ತೋರಿಸುತ್ತಿದ್ದ:
ಹದಿನಾರು ಲಿವರ್, ಒಂದೊಂದೂ ಎಳೆದದ್ದು, ಇಲ್ಲಾ ಬಿಟ್ಟದ್ದು,
ಅದಕ್ಕಿಂತ ಹೆಚ್ಚು ನೆನಪು ಈ ಕ್ಯಾಬಿನ್ನಿಗಿಲ್ಲ.
ಅಗೋ, ಆ ಬಂದ್ ಲೈನು ಬೇರೆ.
ತುದಿಗೆ ಮಣ್ಣಿನ ದಿಬ್ಬ.
ಮೊದಲು ಹೊಕ್ಕ ಡಬ್ಬಿ ಕಡೆಗೆ ಹೊರಗೆ.
ಎಷ್ಟು ಹೊಕ್ಕವು, ಯಾವುದರ ಹಿಂದೆ ಯಾವುದು,
ಹಳಿಯೇ ನೆನಪಿಟ್ಟುಕೊಳ್ಳುತ್ತದೆ.
ಸಕ್ಕರೆ, ಸಿಮೆಂಟು, ಹತ್ತಿ, ಮತ್ತೆ ಸಿಮೆಂಟು,
ತಿರುವಿ ಜೋಡಿಸು ಅಂದರೆ ಅದಿಲ್ಲದೆ ನಡೆಯದು.

"ಎಲ್ಲಾ ಕಲ್ಲಿದ್ದಲಾನ ಇದ್ರ?" ಕೇಳಿದ್ದೆ.
ಬೀಡಿಯನ್ನು ಕಿವಿಗೆ ಸಿಗಿಸಿಕೊಂಡು ನಕ್ಕ:
"ಕಲ್ಲಿದ್ದಲಿಗೆ ಹಿಂದ ಮುಂದ ಎಲ್ಲೈತವ್ವಾ?
ಜೋಡಿ ಆತೋ, ಒಂಟಿ ಉಳೀತೋ, ಅಷ್ಟ.
ಒಂದ ಲಿವರ್ ಸಾಕು."

ನಾಲ್ಕನೇ ಪ್ರಶ್ನೆಗೆ ಅದೇ ಉತ್ತರ.
ಹೊಟ್ಟೆಯೊಳಗೆ ತನ್ನನ್ನೇ ಇಟ್ಟುಕೊಂಡ ಸ
ಬಂದ್ ಲೈನಿನ ವೇಷ ಹಾಕಿ ಹೆದರಿಸುತ್ತದೆ.
ಎರಡೂ ಕಡೆ ಅದೇ ಅ, ಕಲ್ಲಿದ್ದಲು.
ಎಡದ್ದು ಯಾವುದು ಬಲದ್ದು ಯಾವುದು, ಕೇಳುವವರಿಲ್ಲ.
ಜೋಡಿ ಆದರೆ ಆಯಿತು. ರೆಗ್ಯುಲರ್.
ಬಲಕ್ಕೆ ಒಂದು ಬ ಇದ್ದಿದ್ದರೆ
ಹದಿನಾರಲ್ಲ, ಹದಿನಾರು ಸಾವಿರ ಲಿವರ್ ಇದ್ದರೂ ಸಾಲುತ್ತಿರಲಿಲ್ಲ.

ಈ ಹುಡುಗಿಗೆ (ಹುಡುಗಿಯೇ ಇರಬೇಕು, ಅಕ್ಷರ ನೋಡಿದರೆ;
ಅದೂ ನನ್ನ ಊಹೆ)
ಇದೊಂದು ಹೊಳೆಯಬಹುದಿತ್ತು.

ಒಮ್ಮೆ ಮೇಲಿನವರು ಬಂದಿದ್ದರು, ಬೂಟು, ನೋಟ್‌ಬುಕ್ಕು.
ಬಂದ್ ಲೈನ್ ಕಿತ್ತರೆ ಕೆಲಸ ನಡೀತದೇನು, ಹೌದು ಇಲ್ಲ ಹೇಳು.
ಅಪ್ಪ ಟೊಪ್ಪಿಗೆ ತೆಗೆದು ನಿಂತಿದ್ದ:
"ಬಂದ ಗಾಡಿ ತೋರಸ್ರಿ, ಹೇಳತೀನಿ.
ಮುಂದ ಬರೂ ಗಾಡಿ ಎಲ್ಲಾದಕ್ಕೂ ಈಗ ಬರಕೊಡು ಅಂದ್ರ
ಹೇಳಾಕ ಬರೂದಿಲ್ರಿ."
ಅವರು ಬರೆದುಕೊಂಡರು: ಕ್ಯಾಬಿನ್‌ಮನ್‌ಗೆ ತಿಳಿದಿಲ್ಲ.

ಚಹಾದ ಮೇಲೆ ಕೆನೆ ಕಟ್ಟಿತು.
ಆರಕ್ಕೆ ಒಂದು ಹಾಕಿದೆ. ಹೊಡೆದು, ಎರಡು.
ತಿದ್ದಿದಲ್ಲೆಲ್ಲ ಸಹಿ ಬೇಕು; ಮಾಡಿದೆ.
ಪಕ್ಕದಲ್ಲಿ 'ಕಾರಣ' ಎಂದೊಂದು ಖಾನೆ.
ಪೆನ್ನು ಅಲ್ಲಿಗೆ ಒಯ್ದು, ಸ್ವಲ್ಪ ಹೊತ್ತು ಹಿಡಿದು,
ನಲವತ್ತೆರಡನೆಯದು ತೆಗೆದೆ.